ಮಾತ್ರೆಯ ಉಷ್ಣ, ಎಳನೀರಿನ ತಂಪು

ಕುಣಿಗಲ್ಲಿನ ಹೆಣ್ಣು ಪ್ರಮೀಳಾ ಒಮ್ಮೆ ಹೇಳಿದಳೆಂದರೆ ಮುಗಿಯಿತು, ತವರಿನಲ್ಲೂ ಅವಳಿಗೆ ಎದುರಾಡುವವರಿರಲಿಲ್ಲ. ಅಂಥವಳು ಮಾವನೆದುರು ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಳು. ಅದಕ್ಕಾಗಿ ಇಂದಿಗೂ ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ.

ಅವಳ ಗಂಡ ಹನುಮಂತರಾಜು ಅಂತರಸನಹಳ್ಳಿಯ ಫ್ಯಾಕ್ಟರಿಯಿಂದ ಬರುವಾಗ ಬೈಕಿನಿಂದ ಬಿದ್ದಿದ್ದ. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಗೆ ಪೆಟ್ಟಾಗಿ, ಮೈಯಲ್ಲಿ ನೀರು ಹಿಡಿದಿಡುವ ಹಾರ್ಮೋನೇ ನಿಂತುಹೋಯಿತು. ಕೊಡಗಟ್ಟಲೆ ಕುಡಿದರೂ ದಾಹ ತೀರದು, ಕುಡಿದದ್ದೆಲ್ಲ ಬಚ್ಚಲಿಗೆ. ಡಾಕ್ಟರು ಆ ಹಾರ್ಮೋನನ್ನೇ ಮಾತ್ರೆಯಾಗಿ ಕೊಟ್ಟರು. "ಇನ್ಮೇಲೆ ಬಾಯಾರಿದ್ರೆ ಮಾತ್ರ ಕುಡೀಬೇಕು. ಜಾಸ್ತಿಯಾದ್ರೆ ನೀರು ಒಳಗೇ ನಿಂತು ಮೆದುಳಿನ ಜೀವಕೋಶಗಳು ಊದ್ಕೊಳ್ತವೆ, ಜೀವಾನೇ ಹೋಗ್ಬೋದು" ಎಂದು ಎಚ್ಚರಿಸಿದರು.

ಗಂಡ ಆಸ್ಪತ್ರೆಯಿಂದ ಮರಳೂರಿನ ಮನೆಗೆ ಬಂದ ಮಾರನೇ ದಿನವೇ ಗುಬ್ಬಿಯಿಂದ ಮಾವ ಲಕ್ಷ್ಮೀನರಸಿಂಹಯ್ಯ ಲಗೇಜ್ ಆಟೋದಲ್ಲಿ ನಾಲ್ಕು ಗೊನೆ ಎಳನೀರಿನೊಂದಿಗೆ ಬಂದಿಳಿದರು.

"ಇಂಗ್ಲಿಷ್ ಮಾತ್ರೆ ಅಂದ್ರೆ ಉಷ್ಣ ಕಣಮ್ಮ, ತಂಪು ಬೀಳ್ಬೇಕು. ನಮ್ ತೋಟದ್ದು, ಕುಡೀಲಿ ಬುಡು."

"ಬಾಯಾರಿದ್ರೆ ಮಾತ್ರ ಅಂದವ್ರೆ ಮಾವ."

"ಅದು ನೀರಿಗೆ ಹೇಳಿದ್ದು. ಇದು ಎಳನೀರು!"

ಈ ತರ್ಕಕ್ಕೆ ಯಾವ ಡಾಕ್ಟರು ತಾನೇ ಉತ್ತರ ಕೊಟ್ಟಾರು? ಹೆತ್ತ ಕರುಳು ಎಂದು ಪ್ರಮೀಳಾ ಸುಮ್ಮನಾದಳು. ಮಾವ ಗಂಟೆಗೊಂದು ಕೊಚ್ಚಿ ಕೊಟ್ಟರು. ಅಪ್ಪನ ಮನಸ್ಸು ನೋಯಬಾರದೆಂದು ಮಗ ಕುಡಿದೇ ಕುಡಿದ. ಅತಿಯಾದರೆ ಅಮೃತವೂ ವಿಷ.

ಮೂರನೇ ದಿನ ಬೆಳಿಗ್ಗೆ ಹನುಮಂತರಾಜು ವಾಂತಿ ಮಾಡಿಕೊಂಡ. ತಲೆ ಹಿಡಿದು ಕುಳಿತವನು ಹೆಂಡತಿಯನ್ನೇ ದಿಟ್ಟಿಸಿ, "ನೀವ್ಯಾರು?" ಎಂದ.

"ನೋಡ್ದಾ, ಉಷ್ಣ ತಲೆಗೇರೈತೆ! ಆ ಮಾತ್ರೆ ನಿಲ್ಸು" ಎಂದು ಮಾವ ಇನ್ನೊಂದು ಕೊಚ್ಚಲು ಮಚ್ಚೆತ್ತಿದರು.

ಪ್ರಮೀಳಾ ಮಚ್ಚು ಕಸಿದುಕೊಂಡಳು. "ಎರಡ್ ದಿನದಿಂದ ಅವ್ರು ಬಾಯಾರಿಕೆ ಅಂತ ಒಂದ್ಸಲಾನೂ ಅಂದಿಲ್ಲ ಮಾವ. ಮಾತ್ರೆ ಅದರ ಕೆಲ್ಸ ಮಾಡ್ತೈತೆ, ಕೆಡಿಸ್ತಿರೋದು ನಾವು. ಆಟೋ ಕರೀರಿ."

ಆಸ್ಪತ್ರೆಯಲ್ಲಿ ನೋಡಿದರೆ, ನೀರು ಹೆಚ್ಚಾಗಿ ರಕ್ತದಲ್ಲಿ ಉಪ್ಪಿನಂಶ ಕುಸಿದಿತ್ತು. ಸರ್ರನೆ ಏರಿಸಿದರೂ ಮೆದುಳಿಗೆ ಅಪಾಯವೆಂದು ಡಾಕ್ಟರು ನಿಧಾನವಾಗಿ ಏರಿಸತೊಡಗಿದರು. ಮಾವ ಮೂಲೆಯಲ್ಲಿ ಕುಸಿದು, "ನನ್ ಕೈಯಾರ ಮಗನ್ನ ಕೆಡಿಸ್ಬುಟ್ಟೆ" ಎಂದು ಅಳುತ್ತಲೇ ಇದ್ದರು.

"ಗೊತ್ತಿದ್ದೂ ಸುಮ್ನಿದ್ದೆ ನಾನು. ತಪ್ಪು ಇಬ್ಬರ್ದೂ. ಅವ್ರು ಸರಿಹೋಗ್ತಾರೆ ಮಾವ." ಅವಳು ಸಮಾಧಾನಕ್ಕೆಂದು ಹೇಳಿದ್ದಲ್ಲ, ನಂಬಿಯೇ ಹೇಳಿದ್ದು.

ಎರಡನೇ ದಿನ ಡಾಕ್ಟರು ಅವಳನ್ನು ತೋರಿಸಿ, "ಇವ್ರು ಯಾರು?" ಎಂದರು. ಹನುಮಂತರಾಜು ಅವಳತ್ತ ತಿರುಗಿದ.

"ನನ್ ಹೆಂಡ್ತಿ, ಪ್ರಮೀಳಾ."

"ಆ ಯಜಮಾನ್ರು?"

"ನಮ್ಮಪ್ಪ. ಅವ್ರಿಗೊಂದ್ ಲೋಟ ನೀರು ಕೊಡ್ಸಿ ಸಾರ್, ಅತ್ತೂ ಅತ್ತೂ ಗಂಟ್ಲು ಒಣಗೋಗೈತೆ."

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದ ಪ್ರಮೀಳಾ ಆಗ ಅತ್ತಳು.