ಇಪ್ಪತ್ತು ಅಡಿ ದೂರ ಬೇಕಾಗಿದೆ

ಒಬ್ಬಳೇ ಮಗಳು ಊಟಕ್ಕೆ ಇಬ್ಬರಾಗಿ ಬಂದು ಕೂತ ದಿನ ಕಾಗುಣಿತದಕ್ಕ ಕಣ್ಣುಜ್ಜಿಕೊಂಡು ನೋಡಿದಳು; ಆದರೂ ಇಬ್ಬರೇ. ಎರಡನೇ ತಟ್ಟೆ ತರಲು ಎದ್ದೂ ಆಗಿತ್ತು. "ಅಮ್ಮಾ, ಅದ್ಯಾರಿಗೆ?" ಎಂದಳು ಮಗಳು, ಎರಡೂ ಬಾಯಲ್ಲಿ.

ಕಚೇರಿಯಲ್ಲಿ ಅರ್ಜಿಗಳ ಕಾಗುಣಿತ ತಿದ್ದುವುದು ಅವಳ ಕೆಲಸ. ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತರೆ ಏಳುವುದು ಸಂಜೆಗೇ. ಕಣ್ಣುರಿ, ಹಣೆ ಸಿಡಿತ ಮೊದಲಿನಿಂದಲೂ ಇದ್ದವು; ಮೆಣಸಿನಕಾಯಿ ಹೆಚ್ಚಿದ ಕೈ ತಾಗಿರಬೇಕು ಎಂದು ಎರಡು ವರ್ಷ ತನಗೆ ತಾನೇ ಸುಳ್ಳು ಹೇಳಿಕೊಂಡಿದ್ದಳು. ಮಗಳೇ ಎರಡಾದ ಮೇಲೆ ಆ ಸುಳ್ಳು ನಡೆಯಲಿಲ್ಲ.

"ರೆಪ್ಪೆ ಬಡಿಯೋದನ್ನೇ ಮರೆತಿದ್ದೀರಲ್ಲಮ್ಮ!" ಎಂದರು ಕಣ್ಣಿನ ಡಾಕ್ಟರು. "ಇಪ್ಪತ್ತು ನಿಮಿಷಕ್ಕೊಂದು ಸಲ, ಇಪ್ಪತ್ತು ಅಡಿ ದೂರ, ಇಪ್ಪತ್ತು ಸೆಕೆಂಡು ನೋಡಿ. ಈಗಿಂದ್ಲೇ ಜೋಪಾನ ಮಾಡಿದ್ರೆ ಮಗಳು ಒಬ್ಬಳೇ ಆಗ್ತಾಳೆ."

ಹೇಳುವುದು ಸುಲಭ. ಕಚೇರಿಯ ಕಿಟಕಿಗಳಿಗೆಲ್ಲ ಬೀರು ಅಡ್ಡ. ಟೇಪು ಹಿಡಿದು ಅಳೆದರೆ ಅವಳ ಕುರ್ಚಿಯಿಂದ ಎದುರು ಗೋಡೆಗೆ ಹನ್ನೊಂದೇ ಅಡಿ. ಇನ್ನೂ ಒಂಬತ್ತು ಅಡಿ ದೂರ ಮಂಜೂರು ಮಾಡಬೇಕೆಂದು ಅರ್ಜಿ ಕೊಟ್ಟಳು.

"ದೂರ ಸ್ಟಾಕಲ್ಲಿಲ್ಲ ಅಕ್ಕ," ಎಂದ ಮೇಲಧಿಕಾರಿ, ತನ್ನ ಪರದೆಯಿಂದ ಕಣ್ಣು ಕೀಳದೆ. ಅವಳ ರಜೆಯನ್ನು ನಾಲ್ಕು ಸಲ ತಿರಸ್ಕರಿಸಿದ್ದನಾದರೂ ಕೆಟ್ಟವನಲ್ಲ; ಎರಡು ವಾರ ಕಡತ ಓಡಾಡಿಸಿ ದೂರ ಮಂಜೂರು ಮಾಡಿಸಿದ. ಬಂದದ್ದು ಒಂದು ಬೆಟ್ಟದ ಚಿತ್ರ. ಅದೂ ಎಲ್ಲಿಗೆ, ಅವಳ ಕಂಪ್ಯೂಟರ್ ಪರದೆಗೆ! ಉರಿಯುವ ಬೆಂಕಿಗೆ ತುಪ್ಪ ಸುರಿದ ಪುಣ್ಯಾತ್ಮ.

ಆಗ ಅವಳಿಗೆ ನೆನಪಾಯಿತು. ಡಾಕ್ಟರ ಕೋಣೆಯೂ ಗೂಡಿನಷ್ಟೇ; ಜಾಗ ಸಾಲದೆ ಅಕ್ಷರದ ಪಟ್ಟಿಯನ್ನು ಕನ್ನಡಿಯಲ್ಲಿ ತೋರಿಸಿದ್ದರು. ಕನ್ನಡಿಯಲ್ಲಿ ದೂರ ಎರಡು ಪಟ್ಟು. ಹನ್ನೊಂದೆರಡ್ಲಿ ಇಪ್ಪತ್ತೆರಡು! ಮರುದಿನವೇ ಮನೆಯ ನಿಲುಗನ್ನಡಿ ಹೊತ್ತು ತಂದು ಎದುರು ಗೋಡೆಗೆ ಹಾಕಿದಳು. ಎರಡಡಿ ಲಾಭ ಬೇರೆ.

ಇಪ್ಪತ್ತು ನಿಮಿಷ ಕಳೆದು ತಲೆಯೆತ್ತುವ ಹೊತ್ತಿಗೆ ಹಣೆ ಎಷ್ಟು ಸಿಡಿಯುತ್ತಿತ್ತೆಂದರೆ, ಕನ್ನಡಿ ಹಾಕಿದ್ದೇ ಮರೆತುಹೋಗಿತ್ತು. ದೂರದಲ್ಲಿ ಯಾರೋ ಹೆಂಗಸು. ಬೆನ್ನು ಬಾಗಿದೆ, ಕಣ್ಣು ಕೆಂಡ. ಅಯ್ಯೋ ಪಾಪ ಎನಿಸಿತು.

"ಸಾರ್, ಸ್ವಲ್ಪ ಬನ್ನಿ. ಆ ಹೊಸಬಳನ್ನ ನೋಡಿ. ಆ ಕಣ್ಣಲ್ಲಿ ಕೆಲಸ ಮಾಡಿಸೋದು ಮಹಾಪಾಪ."

ಮೇಲಧಿಕಾರಿ ಅವಳ ಕುರ್ಚಿಯ ಹಿಂದೆ ಬಂದು ನಿಂತು, ಕಣ್ಣುಜ್ಜಿಕೊಂಡು ದಿಟ್ಟಿಸಿದ. ಕರಗಿಯೇ ಹೋದ. "ಛೆ ಛೆ, ಯಾರ ಮನೆ ಹೆಣ್ಣುಮಗಳೋ! ಒಂದು ವಾರ ರಜೆ ಕೊಡೋಣ. ಅಲ್ಲಕ್ಕ, ಅವಳ ಹಿಂದೆ ಒಬ್ಬ ಮುದುಕ ನಿಂತಿದ್ದಾನಲ್ಲ, ಅವನ ಕಣ್ಣೂ ಹಂಗೇ ಇದೆ."

"ಅವನಿಗೂ ಬರೀರಿ ಸಾರ್."

ಎರಡು ರಜೆ ಚೀಟಿ ಹಿಡಿದು ಕಾಗುಣಿತದಕ್ಕ ಹೊರಟಳು. ಆ ಹೆಂಗಸೂ ಎದ್ದು ಎದುರು ಬಂದಳು. ಮೂಗಿಗೆ ಮೂಗು ತಾಗುವಷ್ಟು ಹತ್ತಿರವಾದಾಗ ಗುರುತು ಸಿಕ್ಕಿತು. ಅಳು ಉಕ್ಕಿ ಬಂತು. ಇಷ್ಟು ವರ್ಷ ಇವಳನ್ನು ಕಂಡು ಯಾರೂ, ತಾನೂ ಕೂಡ, ಅಯ್ಯೋ ಎಂದಿರಲಿಲ್ಲ.

ಕಣ್ಣೀರು ಬಂದದ್ದಕ್ಕೋ ಏನೋ, ಒಣಗಿದ ಕಣ್ಣು ಕೊಂಚ ತಂಪಾಯಿತು. ಒಂದು ಚೀಟಿ ತನ್ನ ಚೀಲಕ್ಕೆ ಹಾಕಿ, ಇನ್ನೊಂದನ್ನು ಮೇಲಧಿಕಾರಿಯ ಜೇಬಿಗೆ ತುರುಕಿದಳು.

"ನಡೀರಿ ಸಾರ್, ಮನೆಗೆ. ನನಗಿರೋದು ಒಬ್ಬಳೇ ಮಗಳು."