ಹಳದಿ ಕಾಗದದ ಕಣ್ಣೀರು

ನೋಡುಗರನ್ನು ಅಳಿಸುವ ದೃಶ್ಯ ಬಂದರೆ ಅದು ಕುರಾಮೊಚಿಯ ಮೇಜಿಗೇ ಹೋಗಬೇಕು. ಒಗಿಕುಬೊ ಬಡಾವಣೆಯ ಆ ಅನಿಮೆ ಸ್ಟುಡಿಯೊದಲ್ಲಿ ಇಪ್ಪತ್ತೆಂಟು ವರ್ಷದಿಂದ ನಡೆದುಬಂದದ್ದು ಹಾಗೆಯೇ. ಅವಳು ಬರೆದ ಹನಿ ಕಣ್ಣಂಚಿನಲ್ಲಿ ತುಂಬಿ, ತಡೆದು, ಜಾರಿತೆಂದರೆ ಮನೆಮನೆಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

ಈ ಸಲ ನಿರ್ದೇಶಕರು ಹನ್ನೊಂದನೆಯ ಕಂತಿನ ದೃಶ್ಯವನ್ನು ಹೊನಾಮಿ ಎಂಬ ಇಪ್ಪತ್ನಾಲ್ಕರ ಕಿರಿಯಳಿಗೆ ಕೊಟ್ಟರು. ಕುರಾಮೊಚಿಗೆ ಬಡ್ತಿ ಸಿಕ್ಕಿತ್ತು: ಬೇರೆಯವರ ಚಿತ್ರದ ಮೇಲೆ ತೆಳು ಹಳದಿ ಕಾಗದ ಇಟ್ಟು ತಿದ್ದುವ ಕೆಲಸ. ಹಳದಿ ಬಿದ್ದ ಮೇಲೆ ಕೆಳಗಿನ ಬಿಳಿ ಕಾಗದದ ಮಾತು ನಡೆಯುವುದಿಲ್ಲ. ಎಲ್ಲರೂ ಅಭಿನಂದಿಸಿದರು. ಹೊಟ್ಟೆಯಲ್ಲಿ ಬಿದ್ದ ಕೆಂಡ ಅವಳಿಗಷ್ಟೇ ಗೊತ್ತು.

ಹೊನಾಮಿಯ ಚಿತ್ರಗಳ ಲಕೋಟೆ ತಂದವನು ಓಝೆಕಿ. ಕೆಲಸದ ಗಡುವು ನೋಡಿಕೊಳ್ಳುವ ಐವತ್ತರ ದಢೂತಿ. ಜಾಹೀರಾತಿನ ನಾಯಿಮರಿ ನೋಡಿದರೂ ಅಳುವವನು.

"ಕುರಾಮೊಚಿ ಸಾನ್, ನಾಳೆ ಮಧ್ಯಾಹ್ನದೊಳಗೆ ಬೇಕು."

"ನೀನು ಆಗ್ಲೇ ನೋಡಿ ಅತ್ತಾಯ್ತಾ?"

"ಬಿಚ್ಚೇ ಇಲ್ಲ! ಪರದೆ ಮೇಲೆ ಬರೋವರೆಗೆ ಕಣ್ಣೀರು ಖರ್ಚು ಮಾಡಲ್ಲ ನಾನು."

ಅವನು ಹೋದ ಮೇಲೆ ಕುರಾಮೊಚಿ ಕಾಗದಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಪಟಪಟನೆ ಮಗುಚಿದಳು; ಚಿತ್ರಗಳು ಚಲಿಸಿದವು. ಅಜ್ಜಿಯ ಅಂತ್ಯಕ್ರಿಯೆ ಮುಗಿಸಿ ಬಂದ ಹುಡುಗಿಗೆ ಅಡುಗೆಮನೆಯಲ್ಲಿ ಅಜ್ಜಿ ಹಾಕಿಟ್ಟ ಉಮೆಬೊಶಿ ಉಪ್ಪಿನಕಾಯಿಯ ಜಾಡಿ ಸಿಗುತ್ತದೆ. ಹುಡುಗಿ ಒಂದು ಕಾಯನ್ನೂ ತೆಗೆಯುವುದಿಲ್ಲ. ಜಾಡಿಯ ಬಾಯಿ ಒರೆಸಿ ಮುಚ್ಚಳ ತಿರುಗಿಸುತ್ತಾಳೆ. ಬಿಗಿಯಾದರೂ ಇನ್ನೊಮ್ಮೆ. ಮತ್ತೊಮ್ಮೆ. ಕಣ್ಣಲ್ಲಿ ಒಂದೇ ಒಂದು ಹನಿಯಿಲ್ಲ.

ಟಪ್ಪೆಂದು ಏನೋ ಬಿದ್ದು, ಚಿತ್ರದ ಹುಡುಗಿಯ ಮಣಿಕಟ್ಟಿನ ಬಳಿ ಕಾಗದ ಉಬ್ಬಿತು.

ತನ್ನದೇ ಕಣ್ಣೀರು! ಆ ಹೊನಾಮಿಯ ಚಿತ್ರಕ್ಕೆ ತಾನು ಅಳುವುದೇ? ಅವಳು ಹಳದಿ ಕಾಗದ ಎಳೆದುಕೊಂಡು, ತನಗೆ ತಿಳಿದ ಅಷ್ಟೂ ಕಸುಬು ಸುರಿದು, ಹುಡುಗಿಯ ಎರಡೂ ಕಣ್ಣುಗಳಲ್ಲಿ ನೀರು ತುಂಬಿಸಿದಳು.

ಮರುದಿನ ಹೊನಾಮಿ ಬಂದು ನಿಂತಳು. ತಿದ್ದಿದ್ದನ್ನು ನೋಡಿ ಕಲಿಯುವುದು ಅಲ್ಲಿನ ಕಿರಿಯರ ರೂಢಿ.

"ಹನಿ ಎಷ್ಟು ಚೆನ್ನಾಗಿ ನಿಂತಿದೆ," ಎಂದಳು. ಬಿಳಿ ಕಾಗದದ ಮೇಲೆ ಬೆರಳಾಡಿಸಿ, "ಇಲ್ಲೇನೋ ಬಿದ್ದಿದೆಯಲ್ಲಾ?"

"ಚಹಾ."

ಚಹಾಕ್ಕೆ ಬಣ್ಣವಿರುತ್ತದೆ; ಆ ಕಲೆಗೆ ಇರಲಿಲ್ಲ. ಹೊನಾಮಿ ತಲೆಬಾಗಿ ಹೋದಳು.

ವಾರದ ನಂತರ ಸ್ಟುಡಿಯೊದವರಿಗಷ್ಟೇ ಕಂತಿನ ಪರೀಕ್ಷಾ ಪ್ರದರ್ಶನ ಇಟ್ಟರು. ಪರದೆಯ ಹುಡುಗಿ ಅತ್ತಳು. "ಎಂದಿನಂತೆ ಸೊಗಸು," ಎಂದರು ಯಾರೋ. ಓಝೆಕಿಯ ಕರವಸ್ತ್ರ ಮಾತ್ರ ಮಡಿಕೆ ಮುರಿಯದೆ ತೊಡೆಯ ಮೇಲಿತ್ತು. ಹೊರಗೆ ಬಂದೊಡನೆ ಕುರಾಮೊಚಿ ಅವನ ತೋಳು ಹಿಡಿದಳು.

"ನೀನ್ಯಾಕೆ ಅಳಲಿಲ್ಲ?"

"ಬೈಬೇಡಿ. ಆ ಹುಡುಗಿನೇ ಅಷ್ಟೂ ಅತ್ತುಬಿಟ್ಳು. ನಂಗೆ ಅಂತ ಏನೂ ಉಳೀಲಿಲ್ಲ."

ಸುಮ್ಮನಿದ್ದರೆ ತನ್ನ ಹೆಸರು ಉಳಿಯುತ್ತದೆ. ಹೊನಾಮಿಯ ಬಿಳಿ ಕಾಗದ ಯಾರೂ ನೋಡದೆ ಗೋದಾಮಿಗೆ ಹೋಗುತ್ತದೆ. ಆ ಯೋಚನೆ ಸಿಹಿಯಾಗಿಯೇ ಇತ್ತು. ಆದರೆ ಆ ಮುಚ್ಚಳ ಅವಳ ತಲೆಯೊಳಗೆ ತಿರುಗುತ್ತಲೇ ಇತ್ತು. ಸಂಜೆ, ಮತ್ತೆ ಮಾಡಬೇಕಾದ ದೃಶ್ಯಗಳ ಪಟ್ಟಿಗೆ ತನ್ನ ಕೈಯಾರೆ ಬರೆದಳು: "ತಿದ್ದಿದವಳ ತಪ್ಪು. ಹಳದಿ ತೆಗೆದು ಬಿಳಿಯನ್ನೇ ಬಳಸಿ. ಕುರಾಮೊಚಿ." ಪಟ್ಟಿ ಗೋಡೆಗೆ ಬಿತ್ತು. ಎಲ್ಲರೂ ಓದಿದರು.

ಎರಡನೆಯ ಪರೀಕ್ಷಾ ಪ್ರದರ್ಶನದಲ್ಲಿ ಮುಚ್ಚಳ ಮೂರನೆಯ ಸಲ ತಿರುಗುವಷ್ಟರಲ್ಲಿ ಓಝೆಕಿ ಎಮ್ಮೆಯಂತೆ ಸದ್ದು ಮಾಡಿ ಅಳುತ್ತ ಮೂಗು ಒರೆಸಿಕೊಂಡ. ಕುರಾಮೊಚಿ ಹಲ್ಲು ಕಚ್ಚಿ ಕೂತಿದ್ದಳು. ಪಕ್ಕದಲ್ಲಿದ್ದ ಹೊನಾಮಿಯನ್ನು ಕೇಳಿದಳು:

"ಯಾರಿಂದ ಕಲಿತೆ ಇದನ್ನ?"

"ಆರನೇ ಕ್ಲಾಸಲ್ಲಿ ನೀವು ಬರೆದ ದೃಶ್ಯ ನೋಡಿ ಬಿಕ್ಕಿ ಬಿಕ್ಕಿ ಅತ್ತಿದ್ದೆ, ಕುರಾಮೊಚಿ ಸಾನ್."

ಹೊಟ್ಟೆಯ ಕೆಂಡಕ್ಕೆ ನೀರು ಬಿದ್ದಂತಾಯಿತು.

"ಆವತ್ತು ತಿರುಗಿ ನೋಡಿದ್ರೆ," ಎಂದಳು ಹೊನಾಮಿ, "ಅದನ್ನೇ ನೋಡ್ತಿದ್ದ ನಮ್ಮಮ್ಮ ಅಳು ನುಂಗ್ಕೊಂಡು, ನಂಗೆ ಬೆನ್ನು ಮಾಡ್ಕೊಂಡು, ಆಗ್ಲೇ ಬಿಗಿಯಾಗಿದ್ದ ಜಾಡಿ ಮುಚ್ಚಳ ತಿರುಗಿಸ್ತಾನೇ ಇದ್ರು. ಇಲ್ಲಿ ಬರೆದಿರೋದು ಅವರನ್ನೇ."

ಅಂದರೆ ಕಲಿಸಿದವಳು ಆ ಅಮ್ಮ. ಕಂಡರಿಯದ ಆ ಹೆಂಗಸಿನ ಮೇಲೂ ಕುರಾಮೊಚಿಗೆ ಹೊಟ್ಟೆಕಿಚ್ಚಾಯಿತು. ಅವಳು ಚೀಲದಿಂದ ಪೆನ್ಸಿಲ್ ತೆಗೆದು, ಮೊನೆಯನ್ನು ಬೆರಳಿಗೆ ಒತ್ತಿ ನೋಡಿದಳು.

"ನಿಮ್ಮಮ್ಮ ಇನ್ನೇನೇನು ಮಾಡ್ತಾರೆ? ಒಂದೊಂದಾಗಿ ಹೇಳು."