ಕೊಟ್ರಯ್ಯನ ಪೈಪಿನ ಕುರಿತು ಎರಡು ಅಭಿಪ್ರಾಯಗಳು

ಹೊಸಪೇಟೆಯ ಸರ್ಕಾರಿ ವಕೀಲ ಅಂದಾನಪ್ಪನವರ ಅಭಿಪ್ರಾಯ ಕೇಳುವುದಕ್ಕೆ ಒಂದು ಪದ್ಧತಿ ಇತ್ತು. ನನಗೆ ಇಂಥ ಕೆಲಸ ಮಾಡಲು ಅಧಿಕಾರ ಇದೆಯೇ ಎಂದು ಅಧಿಕಾರಿ ಬರೆದು ಕೇಳಬೇಕು, ವಕೀಲರು ಬರೆದು ಉತ್ತರ ಕೊಡಬೇಕು. ಸರ್ಕಾರದ ಕ್ರಮ ಇಷ್ಟೇ. ಆದರೆ ಅಧಿಕಾರಿಗಳು ಬರೆದ ಪ್ರಶ್ನೆಗಳು ರಜೆ ಅರ್ಜಿಯ ಹಾಗೆ ಇರುತ್ತಿದ್ದವು. ಅದನ್ನು ನೋಡಲಾರದೆ ಅಂದಾನಪ್ಪನವರೇ ಪ್ರಶ್ನೆಯನ್ನೂ ಹೇಳಿ ಬರೆಸುತ್ತಿದ್ದರು. ಅಧಿಕಾರಿ ಅದಕ್ಕೆ ಸಹಿ ಹಾಕಿ ಅವರಿಗೇ ಕಳಿಸುತ್ತಿದ್ದ. ಅವರು 'ತಮ್ಮ ಪ್ರಶ್ನೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ' ಎಂದು ಉತ್ತರ ಶುರುಮಾಡುತ್ತಿದ್ದರು. ತನ್ನ ಪ್ರಶ್ನೆಗೆ ತಾನೇ ಉತ್ತರ ಕೊಡುವವನು ತಪ್ಪುವುದು ಅಪರೂಪವಾದ್ದರಿಂದ, ಇದರಲ್ಲಿ ಯಾರಿಗೂ ದೋಷ ಕಂಡಿರಲಿಲ್ಲ.

ಕಂಪ್ಲಿ ಕಡೆಯ ಒಂದು ಉಪಕಾಲುವೆಯ ಸೆಕ್ಷನ್ ಆಫೀಸರ್ ಉಜ್ಜಿನಪ್ಪನಿಗಂತೂ ಅಂದಾನಪ್ಪನ ಮಾತೆಂದರೆ ಮುಗಿಯಿತು. ಬಳ್ಳಾರಿಯಲ್ಲಿ ಓದುವಾಗ ಇಬ್ಬರೂ ಒಂದೇ ಖೋಲಿಯಲ್ಲಿದ್ದವರು. ಈಗಲೂ ಭಾನುವಾರ ಮಧ್ಯಾಹ್ನ ಅಂದಾನಪ್ಪ ಚಿತ್ತವಾಡ್ಗಿಯ ಉಜ್ಜಿನಪ್ಪನ ಮನೆಗೆ ಬಂದು, ಅವನ ಹೆಂಡತಿ ಭೀಮಮ್ಮ ಬಡಿದ ರೊಟ್ಟಿ, ಪುಂಡಿಪಲ್ಯ ಉಂಡು, ಅಲ್ಲೇ ಚಾಪೆಯ ಮೇಲೆ ಒಂದು ನಿದ್ದೆ ತೆಗೆಯಬೇಕು.

ಎಪ್ಪತ್ತಾರರ ಬೇಸಿಗೆ. ಅಕ್ಕಿ ಗಿರಣಿಯ ಮಾಲಕ ಕೊಟ್ರಯ್ಯ ಕಾಲುವೆಯ ತಲೆಯಲ್ಲಿ ಏರಿಯೊಳಗೆ ಅನುಮತಿಯಿಲ್ಲದೆ ಒಂದು ದಪ್ಪ ಪೈಪು ಹೂಳಿಸಿ, ಶೇಂಗಾ-ಜೋಳಕ್ಕೆಂದು ಗೊತ್ತುಮಾಡಿದ ನೆಲದಲ್ಲಿ ಬತ್ತ ಬೆಳೆಯುತ್ತಿದ್ದ. ನೀರು ಕೊನೆಗೆ ಮುಟ್ಟುವ ಕಾಲುವೆಯ ಬಾಲದ ಊರಿನ ಯಮನಮ್ಮ ಒಂದು ದಿನ ಸೆಕ್ಷನ್ ಆಫೀಸಿಗೆ ಬಂದು ಬಾಗಿಲಲ್ಲೇ ಕೂತಳು.

"ಸಾಹೇಬ್ರ, ನಿಮ್ಮ ಕಾಲುವಿಯೊಳಗ ನನ್ನ ಮೊಮ್ಮಕ್ಕಳು ಗೋಲಿ ಆಡಾಕತ್ತಾವ. ಇನ್ನೊಂದು ನೀರು ಸಿಕ್ಕರ ಶೇಂಗಾ ಕೈಗೆ ಬರ್ತದ. ಕೊಡಂಗಿಲ್ಲಂದ್ರ ಹೇಳಿಬಿಡ್ರಿ, ಬುಗುರಿನೂ ತಂದುಕೊಡ್ತೀನಿ ಹುಡುಗ್ರಿಗೆ."

"ಆ ಪೈಪು ಮುಚ್ಚಾಕ ನನಗ ಅಧಿಕಾರ ಐತೋ ಇಲ್ಲೋ ಕೇಳಬೇಕಬೇ."

"ಹೂಳಾಕ ಕೊಟ್ರಯ್ಯ ಯಾರನ್ನ ಕೇಳ್ಯಾನ?"

ಆ ಭಾನುವಾರ ಊಟವಾದ ಮೇಲೆ ಉಜ್ಜಿನಪ್ಪ ಅಂದಾನಪ್ಪನ ಮುಂದೆ ಕಾಗದ ಹಿಡಿದು ಕೂತ. ಅಂದಾನಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಅನುಮತಿ ಇಲ್ಲದೆ ಕಾಲುವೆ ಏರಿಯಲ್ಲಿ ಹೂಳಿದ ಪೈಪನ್ನು ಮುಚ್ಚಿಸಲು ನೀರಾವರಿ ಅಧಿಕಾರಿಗೆ ಅಧಿಕಾರವಿದೆಯೇ?"

"ನನಗೆ ಅಂತ ಬರೀಲ್ಯಾ?"

"ಲೇ, ಕಾನೂನಿನಾಗ ನಾನು ನೀನು ಇರಂಗಿಲ್ಲ. ಹುದ್ದೆ ಇರ್ತಾವ. ಬರಿ ಸುಮ್ನ."

ಬರೆದ. ಉತ್ತರ ಬೇಗನೆ ಬಂತು: ನಿಸ್ಸಂದೇಹವಾಗಿ ಇದೆ. ಉಜ್ಜಿನಪ್ಪ ಅಂದೇ ಆಳುಗಳ ಜೊತೆ ಹೋಗಿ ಪೈಪಿನ ಬಾಯಿಗೆ ಸಿಮೆಂಟು ಹಾಕಿಸಿದ. ಒಣಗಿದ ಕಾಲುವೆಯಲ್ಲಿ ನೀರು ನೆಲವನ್ನು ತಣಿಸುತ್ತಾ ಬಾಲದ ಕಡೆ ತೆವಳತೊಡಗಿತು. ಯಮನಮ್ಮನ ಸರದಿ ಬರಬೇಕಾದರೆ ಪೈಪು ಮುಚ್ಚಿಯೇ ಇರಬೇಕಿತ್ತು.

ಕೊಟ್ರಯ್ಯ ಜಗಳಕ್ಕೆ ಬರಲಿಲ್ಲ. ದೊಡ್ಡವರು ಬರುವುದಿಲ್ಲ, ಮೇಲೆ ಹೋಗುತ್ತಾರೆ. ಮೇಲಿನ ಸಾಹೇಬರಿಂದ ಸರ್ಕಾರಿ ವಕೀಲರಿಗೆ ಇನ್ನೊಂದು ಪ್ರಶ್ನೆ ಹೋಯಿತು: 'ಸೆಕ್ಷನ್ ಆಫೀಸರನು ಕಾಯ್ದೆಯ ಅರ್ಥದಲ್ಲಿ ನೀರಾವರಿ ಅಧಿಕಾರಿಯೇ?' ಉತ್ತರ: ಅಲ್ಲ. ಆ ಅಧಿಕಾರ ಮೇಲಿನ ಹುದ್ದೆಯದು. ಸದರಿಯವರು ವ್ಯಾಪ್ತಿ ಮೀರಿ ವರ್ತಿಸಿದ್ದಾರೆ. ಇದರ ಬೆನ್ನಿಗೇ ಉಜ್ಜಿನಪ್ಪನಿಗೆ ಆದೇಶ: ಮುಚ್ಚಿಸಿದ ಪೈಪನ್ನು ತಾವೇ ತೆರೆಸಿ, ತಮ್ಮನ್ನು ಏಕೆ ಅಮಾನತು ಮಾಡಬಾರದೆಂದು ತಿಳಿಸುವುದು.

ಉಜ್ಜಿನಪ್ಪ ಉತ್ತರಕ್ಕಿಂತ ಪ್ರಶ್ನೆಯನ್ನೇ ಬಹಳ ಹೊತ್ತು ನೋಡಿದ. ಮೇಲಿನ ಸಾಹೇಬರು ಜನ್ಮದಲ್ಲಿ ಅಂಥ ಚೊಕ್ಕ ವಾಕ್ಯ ಬರೆದವರಲ್ಲ. ಅದನ್ನು ಬರೆಸಿದ ದನಿ ಅವನ ಕಿವಿಗೆ ಕೇಳಿಸಿತು. ಕಣ್ಣು ಮುಚ್ಚಿಕೊಂಡಿರುವುದೂ ಕಂಡಿತು.

ಭಾನುವಾರ ಅಂದಾನಪ್ಪ ಎಂದಿನಂತೆ ಬಂದು ಎಲೆಯ ಮುಂದೆ ಕೂತರು. ಭೀಮಮ್ಮ ಬಡಿಸಿದಳು. ಅವರು ಮೊದಲ ರೊಟ್ಟಿ ಮುರಿದ ಮೇಲೆ ಉಜ್ಜಿನಪ್ಪ ಕೇಳಿದ: "ಮೊದಲನೇ ಪ್ರಶ್ನೆ ಬರೆಸುವಾಗ ಎರಡನೇದು ನಿನಗ ಗೊತ್ತಿತ್ತಾ?"

"ಇದನ್ನ ಬಾಯಿಲೆ ಕೇಳಾಕತ್ತೀಯೋ, ಬರೆದು ಕೇಳಾಕತ್ತೀಯೋ?" ಎಂದು ಅಂದಾನಪ್ಪ ನಕ್ಕರು. ಒಬ್ಬರೇ ನಕ್ಕಿದ್ದು.

"ಬಾಯಿಲೆ. ಗೆಳೆಯಾ ಅಂತ."

ಅಂದಾನಪ್ಪ ಪಲ್ಯದಲ್ಲಿ ಬೆರಳಾಡಿಸಿದರು. "ಕೊಟ್ರಯ್ಯನ ಗಿರಣಿ ಕೇಸು ಎಲ್ಲಾ ನನ್ನ ಹತ್ರನ ಅದಾವ, ನಿನಗ ಗೊತ್ತಿಲ್ದ ಮಾತಲ್ಲ. ಒಂದು ಸಂದು ಬಿಟ್ಟಿದ್ದೆ, ಹೌದು. ನೀನು ನನ್ನ ಅಭಿಪ್ರಾಯ ಫೈಲಿಗೆ ಹಚ್ಚಿ ಮ್ಯಾಲೆ ಕಳಿಸ್ತಿ, ಕಾಗದ ಓಡ್ಯಾಡ್ತಾವ, ಮಳಿಗಾಲ ಬರ್ತದ ಅಂದ್ಕೊಂಡೆ. ಸಿಮೆಂಟು ತಗೊಂಡು ಹೋಗ್ತಿ ಅಂತ ಕನಸು ಬಿದ್ದಿತ್ತಾ? ವಕೀಲನ ಅಭಿಪ್ರಾಯ ನಂಬಿ ಯಾರಾದ್ರು ಕೆಲಸ ಮಾಡ್ತಾರೇನಲೇ? ಅದು ಫೈಲಿಗೆ ಕೊಡೋದು."

ಒಲೆಯ ಹತ್ತಿರದಿಂದ ಭೀಮಮ್ಮ ಎದ್ದು ಬಂದಳು. ಕೈಯಲ್ಲಿ ಎರಡನೇ ರೊಟ್ಟಿ ಇತ್ತು.

"ಅಣ್ಣಾರ, ಹಂಗಾದ್ರ ಇಷ್ಟು ವರ್ಷ ನನ್ನ ರೊಟ್ಟಿ ಭಾಳ ಚಲೋ ಅದಾವ ಅಂದಿದ್ದೂ ಫೈಲಿಗೇನ್ರಿ?"

ಅಂದಾನಪ್ಪ ಆ ದಿನ ಚಾಪೆ ಕೇಳಲಿಲ್ಲ.

ಸೋಮವಾರ ಉಜ್ಜಿನಪ್ಪ ಆಫೀಸಿನಲ್ಲಿ ಒಬ್ಬನೇ ಕೂತು ತನ್ನ ನೌಕರಿಯಲ್ಲಿ ಮೊದಲ ಬಾರಿಗೆ ಪ್ರಶ್ನೆಯನ್ನು ತಾನೇ ಬರೆದ. 'ಪೈಪು ಮುಚ್ಚಲು ನನಗೆ ಅಧಿಕಾರವಿಲ್ಲವೆಂದು ತಿಳಿಸಿರುತ್ತೀರಿ. ತೆರೆಯಲು ನನಗೆ ಅಧಿಕಾರವಿದೆಯೇ? ಮತ್ತೊಮ್ಮೆ ವ್ಯಾಪ್ತಿ ಮೀರಬಾರದೆಂದು ಉತ್ತರ ಬರುವವರೆಗೆ ನಾನು ಅದನ್ನು ಮುಟ್ಟುವುದಿಲ್ಲ.' ನಾನು, ನನಗೆ ಎಂಬ ಮಾತುಗಳನ್ನು ಒತ್ತಿ ಬರೆದಿದ್ದ. ಪ್ರತಿಯನ್ನು ಮೇಲಿನ ಸಾಹೇಬರಿಗೂ ಕಳಿಸಿದ.

ಅಂದಾನಪ್ಪನವರಿಗೆ ಬೇರೊಬ್ಬರು ಬರೆದ ಪ್ರಶ್ನೆಗೆ ಉತ್ತರಿಸಿ ರೂಢಿಯಿರಲಿಲ್ಲ. ಇದೆ ಎಂದರೆ, ತೆರೆಯಬಲ್ಲವನು ಮುಚ್ಚಲಾರನೇಕೆ ಎಂಬ ಮಾತು ಏಳುತ್ತದೆ. ಇಲ್ಲ ಎಂದರೆ ಮೇಲಿನ ಸಾಹೇಬರೇ ಸಹಿ ಹಾಕಿ ಅನುಮತಿಯಿಲ್ಲದ ಪೈಪನ್ನು ತೆರೆಸಬೇಕು. ಸಾಹೇಬರು ಅಷ್ಟು ಧೈರ್ಯದವರಲ್ಲ. ಕೊಟ್ರಯ್ಯ ತಾನೇ ಒಡೆಸುತ್ತೇನೆಂದು ಹಾರಾಡಿದ. ಸರ್ಕಾರದ ಏರಿಗೆ ಕೈ ಹಚ್ಚಿದರೆ ಪೊಲೀಸ್ ಕೇಸಾದೀತೆಂದು ಅವನನ್ನು ತಡೆದವರು ಅವನ ವಕೀಲರೇ, ಅಂದರೆ ಅಂದಾನಪ್ಪನವರೇ. ಪ್ರಶ್ನೆ 'ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂತು. ಅದು ಪರಿಶೀಲನೆಯಲ್ಲಿರುವಾಗ ನೀರು ಬಾಲ ಮುಟ್ಟಿ, ಯಮನಮ್ಮನ ಶೇಂಗಾ ಹೊಲದ ಕೊನೆಯ ಸಾಲನ್ನೂ ನೆನೆಸಿತು.

ಉಜ್ಜಿನಪ್ಪನ ಅಮಾನತು ತಪ್ಪಿತು. ಬದಲಿಗೆ ಸಂಡೂರು ತಾಲ್ಲೂಕಿನ ಚೋರನೂರಿನ ಕಡೆಗೆ ವರ್ಗ. ಅಲ್ಲಿ ಕಾಲುವೆಯೇ ಇಲ್ಲದ್ದರಿಂದ, ವ್ಯಾಪ್ತಿ ಮೀರುವ ಭಯವೂ ಇರಲಿಲ್ಲ.

ಸಾಮಾನು ಕಟ್ಟುತ್ತಿದ್ದ ಭಾನುವಾರ ಯಮನಮ್ಮ ಒಂದು ಬುಟ್ಟಿ ಹಸಿ ಶೇಂಗಾ ಹೊತ್ತು ತಂದಳು. ಭೀಮಮ್ಮ ಉಪ್ಪು ಹಾಕಿ ಕುದಿಸಿದಳು. ಊಟದ ಹೊತ್ತಿಗೆ ಉಜ್ಜಿನಪ್ಪ, ಯಾವ ಕಾರಣವೂ ಇಲ್ಲದೆ, ಎರಡು ಸಲ ಬಾಗಿಲಿಗೆ ಹೋಗಿ ಬೀದಿ ನೋಡಿ ಬಂದ.

ಭೀಮಮ್ಮ ಅದನ್ನು ಕಂಡು ಕೇಳಿದಳು: "ಅಣ್ಣಾರಿಗೆ ಕುದಿಸಿದ ಶೇಂಗಾ ಭಾಳ ಸೇರ್ತಾವ. ಒಂದಿಷ್ಟು ಕಳಿಸಲ್ಯಾ?"

"ಬ್ಯಾಡ," ಅಂದ ಉಜ್ಜಿನಪ್ಪ. "ಬೇಕಾದ್ರ ಬರೆದು ಕೇಳ್ಲಿ."

ಅವನು ಇದನ್ನು ನಗಿಸಲು ಹೇಳಿರಲಿಲ್ಲ. ಭೀಮಮ್ಮನೂ ನಗಲಿಲ್ಲ.